ಎರಡನೆಯ ಏರ್‌ಬ್ಯಾಗ್ ಯಾರ ಹೊಣೆ?

ಅಪಘಾತವಾದ ಕಾರಿಗೆ ವಿಮೆ ಕ್ಲೇಮ್ ಮಾಡಿದವರಿಗೆಲ್ಲ ಸವಕಳಿಯ ಲೆಕ್ಕ ಗೊತ್ತು. ಹಾಳಾದ ಬಿಡಿಭಾಗ ತೆಗೆದು ಹೊಸದು ಹಾಕಿಸಿದರೆ ಅದರ ಪೂರ್ತಿ ಬೆಲೆ ಸಿಗುವುದಿಲ್ಲ. ಹಳೆಯದು ಇಷ್ಟು ಸವೆದಿತ್ತು ಎಂದು ಒಂದು ಪಾಲು ಮುರಿದುಕೊಂಡು ಉಳಿದದ್ದನ್ನು ಕಂಪನಿ ಕೊಡುತ್ತದೆ. ಯಾವುದಕ್ಕೆ ಎಷ್ಟು ಮುರಿಯಬೇಕೆಂಬ ಪಟ್ಟಿ 2002ರ ಜುಲೈ 1ರಂದು ಜಾರಿಗೆ ಬಂದ ಇಂಡಿಯಾ ಮೋಟಾರ್ ಟ್ಯಾರಿಫ್‌ನಲ್ಲಿದೆ. ಗಾಜಿಗೆ ಸವಕಳಿಯೇ ಇಲ್ಲ. ಫೈಬರ್ ಗ್ಲಾಸ್ ಭಾಗಗಳಿಗೆ ಶೇ 30. ರಬ್ಬರು, ನೈಲಾನು, ಪ್ಲಾಸ್ಟಿಕ್ ಸಾಮಾನು, ಟಯರು, ಟ್ಯೂಬು, ಬ್ಯಾಟರಿ ಹಾಗೂ ಏರ್‌ಬ್ಯಾಗ್, ಇವಿಷ್ಟಕ್ಕೂ ಶೇ 50. ಕಾರು ಶೋರೂಮಿನಿಂದ ಬಂದು ಮೂರು ತಿಂಗಳಾಗಿರಲಿ, ಮೂರು ವರ್ಷವಾಗಿರಲಿ, ಈ ಸಾಲಿನ ಸಾಮಾನಿಗೆ ಅರ್ಧವೇ. ದಿನವೂ ರಸ್ತೆಗೆ ಉಜ್ಜಿ ಸವೆಯುವ ಟಯರಿನ ಪಕ್ಕದಲ್ಲಿ, ಡಿಕ್ಕಿಯಾಗುವ ಕ್ಷಣದವರೆಗೆ ಒಮ್ಮೆಯೂ ಬಳಕೆಯಾಗದ ಏರ್‌ಬ್ಯಾಗನ್ನು ತಂದು ಕೂರಿಸಿದ್ದು ಹೇಗೆ? ಏರ್‌ಬ್ಯಾಗ್ ಸಿಡಿದ ಕಾರಿನ ರಿಪೇರಿಯ ಚರಿತ್ರೆಯನ್ನು ನೋಡುತ್ತ ಹೋದರೆ ಇದು ಒಂದು ಪಟ್ಟಿಯ ಅಚಾತುರ್ಯ ಮಾತ್ರ ಅಲ್ಲ ಎನ್ನುವುದು ತಿಳಿಯುತ್ತದೆ. ಕಾರ್ಖಾನೆಯಿಂದ ಕಾರಿನೊಡನೆ ಬರುವ ಮೊದಲ ಏರ್‌ಬ್ಯಾಗಿಗಾಗಿ ಸರ್ಕಾರ, ನ್ಯಾಯಾಲಯ, ಕಾರು ಕಂಪನಿ, ವಿಮಾ ಕಂಪನಿಗಳು ದಶಕಗಟ್ಟಲೆ ಹೋರಾಡಿವೆ. ಅದು ಸಿಡಿದ ಮೇಲೆ ಗ್ಯಾರೇಜಿನಲ್ಲಿ ಕೂರಿಸುವ ಎರಡನೆಯದನ್ನು ಇವರಲ್ಲಿ ಯಾರೂ ತಮ್ಮದೆಂದುಕೊಳ್ಳಲಿಲ್ಲ. ಆ ಬಿಟ್ಟುಕೊಟ್ಟ ಜಾಗಕ್ಕೆ ಕಳ್ಳರೂ ನಕಲಿ ಮಾಲಿನವರೂ ಬಂದು ಸೇರಿಕೊಂಡರು. ಜನ ಸತ್ತರು.

ಏರ್‌ಬ್ಯಾಗಿನ ಕಲ್ಪನೆ ಹಳೆಯದು. ಜರ್ಮನಿಯ ವಾಲ್ಟರ್ ಲಿಂಡರರ್ 1951ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಜಾನ್ ಹೆಟ್ರಿಕ್ 1952ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಇಬ್ಬರಿಗೂ 1953ರಲ್ಲಿ ಪೇಟೆಂಟ್ ಸಿಕ್ಕಿತು. ಇಬ್ಬರೂ ನೆಚ್ಚಿಕೊಂಡಿದ್ದು ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯನ್ನು. ಆದರೆ ಡಿಕ್ಕಿಯಾದ ಕಾರಿನಲ್ಲಿ ಚಾಲಕನ ಎದೆ ಸ್ಟೇರಿಂಗಿಗೆ ಬಡಿಯಲು ಬೇಕಾಗುವುದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. ಚೀಲ ಒಂದು ಸೆಕೆಂಡಿನ ಸಾವಿರದಲ್ಲಿ ಸುಮಾರು ಮೂವತ್ತು ಪಾಲಿನೊಳಗೆ ತುಂಬಿಕೊಳ್ಳಬೇಕು. ಅಷ್ಟು ವೇಗ ಸಿಲಿಂಡರಿನ ಗಾಳಿಗೆ ಇರಲಿಲ್ಲ. ಅಲೆನ್ ಬ್ರೀಡ್ 1960ರ ದಶಕದ ಕೊನೆಯಲ್ಲಿ ಡಿಕ್ಕಿಯನ್ನು ಗುರುತಿಸುವ ಅಗ್ಗದ ಸೆನ್ಸರ್ ರೂಪಿಸಿದ್ದು ಒಂದು ತಿರುವಾದರೆ, ಗಾಳಿಯ ಬದಲು ರಾಸಾಯನಿಕ ಉರಿಸಿ ಅನಿಲ ಹುಟ್ಟಿಸುವ ವಿಧಾನ ಮತ್ತೊಂದು. ಸೋಡಿಯಂ ಅಜೈಡ್ ಎಂಬ ವಿಷಕಾರಿ ಲವಣಕ್ಕೆ ಕಿಡಿ ತಾಗಿಸಿದರೆ ಅದು ಕ್ಷಣದಲ್ಲಿ ಸಾರಜನಕವಾಗಿ ಚೀಲಕ್ಕೆ ನುಗ್ಗುತ್ತದೆ. ಹೀಗೆ ರಾಕೆಟ್ ಮತ್ತು ಮದ್ದುಗುಂಡಿನ ತಂತ್ರ ಕಾರಿನ ಸ್ಟೇರಿಂಗಿನೊಳಗೆ ಬಂದಿತು. ರಿಪೇರಿಯವರಿಗೆ ಇದರ ಪರಿಣಾಮ ದೊಡ್ಡದು. ಅಲ್ಲಿಯವರೆಗೆ ಕಾರಿನ ಯಾವ ಭಾಗ ಹಾಳಾದರೂ ಬಡಿದು, ಬೆಸೆದು, ಉಜ್ಜಿ, ಸುತ್ತಿ ಸರಿಮಾಡುವ ದಾರಿಯೊಂದಿರುತ್ತಿತ್ತು. ಒಮ್ಮೆ ಉರಿದುಹೋದ ಮದ್ದನ್ನು ಸರಿಮಾಡುವ ದಾರಿ ಇಲ್ಲ. ಅದನ್ನು ಬದಲಿಸಬೇಕು. ಬದಲಿಸಿ ಹಾಕಿದ್ದು ಸರಿಯಾಗಿದೆಯೇ ಎಂದು ಪರೀಕ್ಷಿಸಿ ನೋಡುವುದಕ್ಕೂ ಆಗದು, ಏಕೆಂದರೆ ಪರೀಕ್ಷಿಸಿದರೆ ಅದೂ ಮುಗಿಯಿತು.

ಮೊದಲ ಏರ್‌ಬ್ಯಾಗಿನ ಹೋರಾಟದ ಕತೆಯನ್ನು ಇಲ್ಲಿ ವಿಸ್ತರಿಸಬೇಕಿಲ್ಲ. ಆದರೆ ಯಾರು ಯಾವ ಕಡೆ ಇದ್ದರು ಎನ್ನುವುದನ್ನು ನೆನಪಿಡಬೇಕು. ಜನರಲ್ ಮೋಟಾರ್ಸ್ 1974ರಿಂದ 76ರವರೆಗೆ ತನ್ನ ದೊಡ್ಡ ಕಾರುಗಳಲ್ಲಿ, ಬೇಕೆಂದವರಿಗೆ ಹೆಚ್ಚುವರಿ ಹಣಕ್ಕೆ ಏರ್‌ಬ್ಯಾಗ್ ಕೊಟ್ಟಿತು. ಸುಮಾರು ಹತ್ತು ಸಾವಿರ ಕಾರು ಮಾರಿ ಕೈಬಿಟ್ಟಿತು. ಮರ್ಸಿಡಿಸ್ ಬೆಂಜ್ 1981ರ ಹೊತ್ತಿಗೆ ತನ್ನ ಎಸ್-ಕ್ಲಾಸ್ ಕಾರಿನಲ್ಲಿ ಅದನ್ನು ಮತ್ತೆ ತಂದಿತು. ಅದೇ ವರ್ಷ ಅಮೆರಿಕದ ಸಾರಿಗೆ ಸುರಕ್ಷತಾ ಸಂಸ್ಥೆ, ಕಾರುಗಳಲ್ಲಿ ತಾನಾಗಿ ಕೆಲಸ ಮಾಡುವ ರಕ್ಷಣಾ ಸಾಧನ ಇರಲೇಬೇಕೆಂಬ ತನ್ನದೇ ನಿಯಮವನ್ನು ಹಿಂತೆಗೆದುಕೊಂಡಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಸ್ಟೇಟ್ ಫಾರ್ಮ್ ಎಂಬ ವಿಮಾ ಕಂಪನಿ. 1983ರಲ್ಲಿ ಕೋರ್ಟು ಅದರ ಪರ ತೀರ್ಪು ಕೊಟ್ಟು, ಕಾರಣ ಹೇಳದೆ ನಿಯಮ ಕಿತ್ತುಹಾಕಿದ್ದು ಮನಸ್ಸಿಗೆ ಬಂದಂತೆ ಮಾಡಿದ ಕೆಲಸ ಎಂದಿತು. ಮರುವರ್ಷ ಸಾರಿಗೆ ಕಾರ್ಯದರ್ಶಿ ಎಲಿಜಬೆತ್ ಡೋಲ್ ನಿಯಮವನ್ನು ಮತ್ತೆ ಹೊರಡಿಸಿದರು. 1990ರ ಮಾರ್ಚಿನಲ್ಲಿ ವರ್ಜೀನಿಯಾದ ಕಲ್ಪೆಪರ್ ಬಳಿ ಎರಡು ಕ್ರೈಸ್ಲರ್ ಕಾರುಗಳು ಎದುರುಬದುರಾಗಿ ಗುದ್ದಿಕೊಂಡವು. ಎರಡರಲ್ಲೂ ಏರ್‌ಬ್ಯಾಗ್ ಇತ್ತು, ಚಾಲಕರಿಬ್ಬರೂ ಬದುಕಿದರು. ಮುಂದಿನ ವರ್ಷವೇ ಅಮೆರಿಕದ ಸಂಸತ್ತು, 1998ರ ಮಾಡೆಲಿನಿಂದ ಎಲ್ಲ ಕಾರುಗಳ ಮುಂದಿನ ಎರಡೂ ಆಸನಕ್ಕೆ ಏರ್‌ಬ್ಯಾಗ್ ಕಡ್ಡಾಯ ಮಾಡಿತು. 1987ರಿಂದ 2017ರವರೆಗೆ ಮುಂಭಾಗದ ಏರ್‌ಬ್ಯಾಗುಗಳು ಅಲ್ಲಿ 50,457 ಜೀವ ಉಳಿಸಿವೆ ಎಂದು ಆ ಸುರಕ್ಷತಾ ಸಂಸ್ಥೆ ಅಂದಾಜು ಮಾಡಿದೆ. ಮೊದಲ ಏರ್‌ಬ್ಯಾಗಿಗಾಗಿ ವಿಮಾ ಕಂಪನಿಗಳು ಕೋರ್ಟು ಮೆಟ್ಟಿಲು ಹತ್ತಿದವು, ಗೆದ್ದವು, ಆ ಗೆಲುವು ಸಾರ್ಥಕವಾಯಿತು. ಇದನ್ನು ಗೌರವದಿಂದಲೇ ಹೇಳಬೇಕು.

ಇಷ್ಟು ಹೋರಾಟದ ಫಲವಾಗಿ ಬಂದ ಕಾನೂನು ಹೊಸ ಕಾರಿನ ಬಾಗಿಲಲ್ಲೇ ನಿಂತುಬಿಟ್ಟಿತು. ಅಮೆರಿಕದ ಸುರಕ್ಷತಾ ಮಾನದಂಡ ಹೇಳುವುದು ಇಡೀ ಕಾರಿನ ಬಗ್ಗೆ. ಡಿಕ್ಕಿ ಪರೀಕ್ಷೆಯಲ್ಲಿ ಗೊಂಬೆಯ ತಲೆಗೆ, ಎದೆಗೆ, ತೊಡೆಗೆ ಇಷ್ಟಕ್ಕಿಂತ ಹೆಚ್ಚು ಪೆಟ್ಟಾಗಬಾರದು ಎನ್ನುವುದು ಅದರ ಸಾರ. ಬಿಡಿಭಾಗವಾಗಿ ಅಂಗಡಿಯಲ್ಲಿ ಮಾರುವ ಏರ್‌ಬ್ಯಾಗ್ ಹೇಗಿರಬೇಕೆಂದು ಹೇಳುವ ಪ್ರತ್ಯೇಕ ಫೆಡರಲ್ ಮಾನದಂಡವನ್ನು ಆಗ ಯಾರೂ ಬರೆಯಲಿಲ್ಲ. ಗ್ಯಾರೇಜಿನವರು ಸುರಕ್ಷತಾ ಸಾಧನವನ್ನು ಗೊತ್ತಿದ್ದೂ ನಿಷ್ಕ್ರಿಯ ಮಾಡಕೂಡದು ಎಂಬ ಕಾನೂನೇನೋ ಇದೆ. ಆದರೆ ಸಿಡಿದ ಚೀಲವನ್ನು ನಿಷ್ಕ್ರಿಯ ಮಾಡಿದ್ದು ಡಿಕ್ಕಿಯೇ ಹೊರತು ಗ್ಯಾರೇಜಲ್ಲ, ಆದ್ದರಿಂದ ಹೊಸದನ್ನು ಹಾಕಿಯೇ ಕೊಡಬೇಕೆಂಬ ಕಟ್ಟುಪಾಡು ಫೆಡರಲ್ ಕಾನೂನಿನಡಿ ಗ್ಯಾರೇಜಿಗೆ ಇಲ್ಲ ಎಂದು ಸುರಕ್ಷತಾ ಸಂಸ್ಥೆಯೇ ವಿವರಣೆ ನೀಡಿತು. ಅಕ್ಷರಕ್ಕೆ ಅಕ್ಷರ ಓದಿದರೆ ಈ ವಿವರಣೆ ಸರಿ. ಅದರಿಂದ ಆದದ್ದು ಇಷ್ಟು: ಹೊಸ ಕಾರನ್ನು ಏರ್‌ಬ್ಯಾಗ್ ಇಲ್ಲದೆ ಮಾರಿದರೆ ಅಪರಾಧ, ಸಿಡಿದ ಚೀಲವನ್ನು ಕತ್ತರಿಸಿ ಮುಚ್ಚಳ ಅಂಟಿಸಿದ ಹಳೆಯ ಕಾರನ್ನು ಮಾರಿದರೆ ಆಯಾ ರಾಜ್ಯದ ಕಾನೂನು ಏನು ಹೇಳುತ್ತದೋ ಅದು. ಕ್ಯಾಲಿಫೋರ್ನಿಯಾ ಸೇರಿದಂತೆ ಹಲವು ರಾಜ್ಯಗಳು ಮುಂದೆ ಈ ವಂಚನೆಗೆ ಶಿಕ್ಷೆ ವಿಧಿಸುವ ಕಾನೂನು ತಂದವು. ಅವು ಬರುವ ಹೊತ್ತಿಗೆ ದಂಧೆ ಬೇರು ಬಿಟ್ಟಾಗಿತ್ತು.

ದಂಧೆ ಏಕೆ ಬೇರು ಬಿಟ್ಟಿತೆಂದು ತಿಳಿಯಲು ಸರಿಯಾದ ರಿಪೇರಿಯಲ್ಲಿ ಏನೇನಿದೆ ಎಂದು ನೋಡಬೇಕು. ಏರ್‌ಬ್ಯಾಗ್ ಸಿಡಿದ ಕಾರು ಗ್ಯಾರೇಜಿಗೆ ಬಂದಾಗ ಮೊದಲ ಕೆಲಸ ಬ್ಯಾಟರಿಯ ತಂತಿ ಬಿಚ್ಚಿ ಕಾಯುವುದು. ಡಿಕ್ಕಿಯಲ್ಲಿ ಬ್ಯಾಟರಿ ಚಿಂದಿಯಾದರೂ ಚೀಲ ತೆರೆಯಲಿ ಎಂದು ಕಂಟ್ರೋಲ್ ಯೂನಿಟ್ಟಿನಲ್ಲಿ ಒಂದಿಷ್ಟು ವಿದ್ಯುತ್ತು ಉಳಿದಿರುತ್ತದೆ. ಅದು ಇಳಿಯುವ ಮೊದಲು ಹಳದಿ ಕನೆಕ್ಟರಿಗೆ ಕೈಹಾಕಿದರೆ ಸಿಡಿಯದೆ ಉಳಿದ ಇನ್ನೊಂದು ಚೀಲ ಮೆಕ್ಯಾನಿಕ್ಕಿನ ಮುಖಕ್ಕೇ ಸಿಡಿಯಬಹುದು. ಆಮೇಲೆ ಪಟ್ಟಿ ಬೆಳೆಯುತ್ತದೆ. ಸ್ಟೇರಿಂಗಿನ ಚೀಲ ಬದಲಾಗಬೇಕು. ಸ್ಟೇರಿಂಗ್ ತಿರುಗಿದರೂ ಸಂಪರ್ಕ ಕಡಿಯದಂತೆ ಅದರೊಳಗೆ ಸುತ್ತಿಟ್ಟ ಕ್ಲಾಕ್ ಸ್ಪ್ರಿಂಗ್ ಸುಟ್ಟಿದೆಯೇ ನೋಡಬೇಕು. ಪಕ್ಕದ ಆಸನದ ಚೀಲ ಡ್ಯಾಶ್‌ಬೋರ್ಡನ್ನು ಸೀಳಿಕೊಂಡು ಬಂದಿರುತ್ತದೆ, ಎಷ್ಟೋ ಸಲ ಎದುರಿನ ಗಾಜನ್ನೂ ಒಡೆದಿರುತ್ತದೆ. ಡ್ಯಾಶ್‌ಬೋರ್ಡಿಗೆ ಹೊಲಿಗೆ ಹಾಕಿ, ಬಣ್ಣ ಬಳಿದು ಕೂರಿಸಿದರೆ ಮುಂದಿನ ಸಲ ಅದು ಸೀಳಬೇಕಾದ ಕಡೆ ಸೀಳದೆ ಚೂರುಗಳಾಗಿ ಹಾರಬಹುದು. ಸೀಟ್ ಬೆಲ್ಟಿನ ಪ್ರೀಟೆನ್ಷನರ್ ಕೂಡ ಅದೇ ಕ್ಷಣದಲ್ಲಿ ಮದ್ದು ಉರಿಸಿಕೊಂಡು ಬೆಲ್ಟನ್ನು ಎಳೆದು ಹಿಡಿದಿರುತ್ತದೆ, ಅದೂ ಹೊಸದಾಗಬೇಕು. ಮುಂದಿನ ಸೆನ್ಸರುಗಳು, ಪಕ್ಕದ ಚೀಲ ಸಿಡಿದಿದ್ದರೆ ಆಸನದ ಹೊದಿಕೆ, ಚಾವಣಿಯ ಒಳಪದರ. ಕೊನೆಗೆ, ಡಿಕ್ಕಿಯ ದಾಖಲೆಯನ್ನು ಅಳಿಸಲಾಗದಂತೆ ಬರೆದುಕೊಂಡಿರುವ ಕಂಟ್ರೋಲ್ ಯೂನಿಟ್. ಎಲ್ಲ ಮುಗಿದ ಮೇಲೆ ಕಂಪನಿಯ ಸ್ಕ್ಯಾನರ್ ಹಾಕಿ ಹೊಸ ಯೂನಿಟ್ಟಿಗೆ ಆ ಕಾರಿನ ಗುರುತು ಕಲಿಸಬೇಕು. ಬಂಪರು, ಬಾನೆಟ್ಟು, ರೇಡಿಯೇಟರಿನ ಖರ್ಚು ಇದಕ್ಕೆ ಸೇರಿದರೆ ನಾಲ್ಕೈದು ವರ್ಷದ ಸಣ್ಣ ಕಾರಿನ ರಿಪೇರಿ ಬಿಲ್ಲು ಅದರ ಬೆಲೆಗೆ ಹತ್ತಿರ ಬರುತ್ತದೆ. ನಮ್ಮಲ್ಲಿ ರಿಪೇರಿ ಖರ್ಚು ವಿಮೆಯ ಘೋಷಿತ ಮೌಲ್ಯದ ಶೇ 75 ದಾಟಿದರೆ ಅದನ್ನು ಟೋಟಲ್ ಲಾಸ್ ಎಂದು ಪರಿಗಣಿಸುತ್ತಾರೆ. ಆ ಘೋಷಿತ ಮೌಲ್ಯವೂ ಕಾರಿಗೆ ಐದು ವರ್ಷ ತುಂಬುವ ಹೊತ್ತಿಗೆ ಅರ್ಧಕ್ಕೆ ಇಳಿದಿರುತ್ತದೆ.

ಇಂಥ ಬಿಲ್ಲು ನಮ್ಮ ರಿಪೇರಿ ಸಂಸ್ಕೃತಿಗೆ ಹೊಸದು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದ ಟಿಂಕರಿಂಗ್ ಕೆಲಸಗಾರ ಜಜ್ಜಿಹೋದ ಮಡ್‌ಗಾರ್ಡನ್ನು ಸುತ್ತಿಗೆಯಲ್ಲಿ ಬಡಿದು ಮೊದಲಿನ ಆಕಾರಕ್ಕೆ ತರುತ್ತಿದ್ದ. ಬಿಡಿಭಾಗ ಸಿಗದಿದ್ದರೆ ಲೇತ್‌ನಲ್ಲಿ ಕಡೆಸಿ ಮಾಡಿಸುತ್ತಿದ್ದ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿ, ಶಿವಾಜಿನಗರದ ಗುಜರಿ, ಊರೂರಿನ ಬಸ್ ನಿಲ್ದಾಣದ ಹಿಂದಿನ ವೆಲ್ಡಿಂಗ್ ಶಾಪು, ಇವೆಲ್ಲ ಸೇರಿ ಕಾರೆಂಬ ದುಬಾರಿ ವಸ್ತುವನ್ನು ಮಧ್ಯಮ ವರ್ಗದ ಕೈಗೆಟುಕುವಂತೆ ಉಳಿಸಿದವು. ಬಿಸಾಡದೆ ಸರಿಮಾಡುವ ಆ ಕೈಚಳಕ ದೊಡ್ಡ ಸಂಪತ್ತು, ಅದನ್ನು ಹಗುರವಾಗಿ ಕಾಣುವ ಯಾವ ವಾದಕ್ಕೂ ನನ್ನ ಒಪ್ಪಿಗೆ ಇಲ್ಲ. ಆದರೆ ಆ ವಿದ್ಯೆಯ ತಳದಲ್ಲಿದ್ದ ನಂಬಿಕೆಯೊಂದಿದೆ: ಸರಿಮಾಡಿದ ಮೇಲೆ ಓಡಿಸಿ ನೋಡು, ಓಡಿದರೆ ಸರಿಯಾಗಿದೆ. ಗೇರು, ಬ್ರೇಕು, ಡೈನಮೊಗಳಿಗೆಲ್ಲ ಈ ಪರೀಕ್ಷೆ ಸಾಕಿತ್ತು. ಏರ್‌ಬ್ಯಾಗ್ ಬಂದ ಮೇಲೆ ಸಾಲದಾಯಿತು. ಅದಿಲ್ಲದೆಯೂ ಕಾರು ನೆಟ್ಟಗೆ ಓಡುತ್ತದೆ. ಎಷ್ಟು ನುರಿತ ಮೆಕ್ಯಾನಿಕ್ಕೇ ಆಗಲಿ, ಮುಚ್ಚಳದ ಹಿಂದೆ ಅನಿಲ ಹುಟ್ಟಿಸುವ ಇನ್‌ಫ್ಲೇಟರಿನ ಒಳಗೆ ಯಾವ ರಾಸಾಯನಿಕವಿದೆ ಎಂದು ನೋಡಿ ಹೇಳಲಾರ. ಗುಣಮಟ್ಟವನ್ನು ಕಣ್ಣು-ಕೈಗಳಿಂದ ಅಳೆಯಲಾಗದ ಕಡೆ ಕಾಗದದ ಜಾಡು ಬೇಕಾಗುತ್ತದೆ: ಎಲ್ಲಿ ತಯಾರಾಯಿತು, ಯಾವ ಕಾರಿನಿಂದ ಬಂತು, ಯಾರು ಹಾಕಿದರು. ಆ ಜಾಡನ್ನು ಕಟ್ಟುವ ಕೆಲಸ ಗ್ಯಾರೇಜಿನವನದಲ್ಲ. ಕಟ್ಟಬೇಕಾದವರು ಕಟ್ಟಲಿಲ್ಲ.

ಅಮೆರಿಕದಲ್ಲಿ ಆ ಖಾಲಿ ಜಾಗವನ್ನು ಮೊದಲು ತುಂಬಿದವರು ಕಳ್ಳರು. ಹೊಸ ಏರ್‌ಬ್ಯಾಗಿಗೆ ಡೀಲರ್ ಹತ್ತಿರ ಸಾವಿರ ಡಾಲರ್ ಆಸುಪಾಸು. ನಿಲ್ಲಿಸಿದ ಕಾರಿನ ಸ್ಟೇರಿಂಗಿನಿಂದ ಅದನ್ನು ಬಿಚ್ಚಿಕೊಂಡು ಹೋಗಲು ಬೇಕಾದದ್ದು ಕೆಲವೇ ನಿಮಿಷ. ಕದ್ದದ್ದು ಇನ್ನೂರು ಡಾಲರಿಗೂ ಸಿಗುತ್ತಿತ್ತು. ವರ್ಷಕ್ಕೆ ಸುಮಾರು 50,000 ಏರ್‌ಬ್ಯಾಗ್ ಕಳುವಾಗುತ್ತವೆ ಎಂದು ಅಲ್ಲಿನ ವಿಮಾ ಅಪರಾಧ ತಡೆ ಸಂಸ್ಥೆ ಲೆಕ್ಕ ಹಾಕಿತ್ತು. ಕದ್ದದ್ದನ್ನಾದರೂ ಹಾಕಿದವರು ಏನನ್ನೋ ಹಾಕಿದರು ಎನ್ನಬಹುದು. ಚಿಂದಿ ಬಟ್ಟೆ, ಕಾಗದ ತುರುಕಿ ಮುಚ್ಚಳ ಅಂಟಿಸಿ, ವಿಮಾ ಕಂಪನಿಗೆ ಹೊಸದರ ಬಿಲ್ಲು ಕೊಟ್ಟವರೂ ಇದ್ದರು. ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪ ಈ ಮೋಸವನ್ನು ತೋರಿಸಿಕೊಡಬೇಕಿತ್ತು. ಕಂಟ್ರೋಲ್ ಯೂನಿಟ್ ತಂತಿಯಲ್ಲಿ ಒಂದು ಗೊತ್ತಾದ ಪ್ರತಿರೋಧವನ್ನು ಹುಡುಕುತ್ತದೆ, ಸಿಗದಿದ್ದರೆ ದೀಪ ಉರಿಸುತ್ತದೆ. ಚೀಲದ ಜಾಗದಲ್ಲಿ ಕೆಲವು ರೂಪಾಯಿಯ ರೆಸಿಸ್ಟರ್ ಕೂರಿಸಿದರೆ ಯೂನಿಟ್ಟಿಗೆ ತೃಪ್ತಿ, ದೀಪ ಆರುತ್ತದೆ. ಈ ಉಪಾಯ ಇಂದು ಜಗತ್ತಿನ ಎಲ್ಲ ಊರಿನ ಕಾರು ಬಜಾರಿಗೂ ಗೊತ್ತು. ದೀಪ ಆರಿಸಿ ಮಾರಿದ ಕಾರನ್ನು ಕೊಂಡವರು ಎಷ್ಟೋ ಸಲ ಮೊದಲ ಬಾರಿ ಕಾರು ಕೊಳ್ಳುವ ಸಂಸಾರ. ತಮ್ಮ ಎದುರಿನ ಮುಚ್ಚಳದ ಹಿಂದೆ ಬಟ್ಟೆ ಇದೆಯೆಂದು ಅವರಿಗೆ ತಿಳಿಯುವುದು ಯಾವಾಗ ಎಂದು ಹೇಳಬೇಕಿಲ್ಲ.

ಆಮೇಲೆ ಬಂದದ್ದು ನಕಲಿ ಮಾಲು. 2012ರ ಅಕ್ಟೋಬರಿನಲ್ಲಿ ಅಮೆರಿಕದ ಸುರಕ್ಷತಾ ಸಂಸ್ಥೆ, ಹಿಂದಿನ ಮೂರು ವರ್ಷದಲ್ಲಿ ಡೀಲರನ್ನು ಬಿಟ್ಟು ಬೇರೆ ಕಡೆ ಏರ್‌ಬ್ಯಾಗ್ ಬದಲಿಸಿಕೊಂಡವರಿಗೆ ಎಚ್ಚರಿಕೆ ಹೊರಡಿಸಿತು. ವಶಪಡಿಸಿಕೊಂಡ ನಕಲಿಗಳನ್ನು ಪರೀಕ್ಷಿಸಿದಾಗ ಕೆಲವು ತೆರೆಯಲೇ ಇಲ್ಲ, ಕೆಲವು ಲೋಹದ ಚೂರುಗಳನ್ನು ಸಿಡಿಸಿದವು. ಇದೇ ಕಾಲದಲ್ಲಿ ಅಸಲಿ ಏರ್‌ಬ್ಯಾಗೂ ಕೊಲ್ಲಬಹುದೆಂದು ಟಕಾಟಾ ಪ್ರಕರಣ ತೋರಿಸಿತು. ಜಪಾನಿನ ಈ ಕಂಪನಿ ಅಮೋನಿಯಂ ನೈಟ್ರೇಟನ್ನು ಮದ್ದಾಗಿ ಬಳಸಿತ್ತು. ಸೆಕೆ ಮತ್ತು ತೇವಾಂಶದಲ್ಲಿ ವರ್ಷಗಟ್ಟಲೆ ಇದ್ದ ಆ ಮದ್ದು ಕೆಟ್ಟು, ಒಮ್ಮೆಗೇ ಉರಿದು, ಇನ್‌ಫ್ಲೇಟರಿನ ಲೋಹದ ಕವಚವನ್ನೇ ಒಡೆಯುತ್ತಿತ್ತು. 2008ರಲ್ಲಿ ಹೋಂಡಾ ಕಾರುಗಳಿಂದ ಶುರುವಾದ ವಾಪಸಾತಿ ಅಮೆರಿಕದಲ್ಲಿ ಸುಮಾರು 6.7 ಕೋಟಿ ಏರ್‌ಬ್ಯಾಗಿಗೆ ವಿಸ್ತರಿಸಿತು. 2017ರ ಆರಂಭದಲ್ಲಿ ಟಕಾಟಾ ತಪ್ಪೊಪ್ಪಿಕೊಂಡು ನೂರು ಕೋಟಿ ಡಾಲರ್ ದಂಡಕ್ಕೆ ಒಪ್ಪಿತು, ಜೂನಿನಲ್ಲಿ ದಿವಾಳಿಯಾಯಿತು. ಅಮೆರಿಕವೊಂದರಲ್ಲೇ ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಸತ್ತಿದ್ದಾರೆ. ಎರಡನೆಯ ಏರ್‌ಬ್ಯಾಗಿನ ಚರಿತ್ರೆ ಬರೆಯುವವರಿಗೆ ಈ ಪ್ರಕರಣದ ಒಂದು ಘಟನೆ ತೀರ ಮುಖ್ಯ. 2017ರಲ್ಲಿ ಲಾಸ್ ವೇಗಸ್‌ನಲ್ಲಿ 2002ರ ಹೋಂಡಾ ಅಕಾರ್ಡ್ ಓಡಿಸುತ್ತಿದ್ದ ಹದಿನೆಂಟರ ಯುವತಿಯ ಕುತ್ತಿಗೆಗೆ ಏರ್‌ಬ್ಯಾಗಿನ ಲೋಹದ ಚೂರು ಹೊಕ್ಕಿತು. ಆ ಕಾರು ಹಿಂದೊಮ್ಮೆ ಅಪಘಾತಕ್ಕೆ ಸಿಕ್ಕಿ ರಿಪೇರಿಯಾಗಿತ್ತು. ರಿಪೇರಿಯಲ್ಲಿ ಹಾಕಿದ್ದು 2001ರ ಅಕಾರ್ಡ್‌ನಿಂದ ಬಿಚ್ಚಿದ ಟಕಾಟಾ ಏರ್‌ಬ್ಯಾಗ್. ಚೀಲ ನಕಲಿಯಲ್ಲ, ಕಂಪನಿಯದ್ದೇ. ವಾಪಸಾತಿಯ ನೋಟಿಸು ಹೋಗುವುದು ಕಾರಿನ ನಂಬರಿನ ಜಾಡು ಹಿಡಿದು. ಚೀಲ ಕಾರು ಬದಲಿಸಿದ ಮೇಲೆ ನೋಟಿಸಿಗೆ ಅದನ್ನು ಹುಡುಕುವ ದಾರಿ ಉಳಿಯಲಿಲ್ಲ. 2024ರ ಜುಲೈಯಲ್ಲಿ ಅದೇ ಸುರಕ್ಷತಾ ಸಂಸ್ಥೆ ಮತ್ತೆ ಎಚ್ಚರಿಸಿತು: ಹಿಂದಿನ ಒಂಬತ್ತು ತಿಂಗಳಲ್ಲಿ ಕಳಪೆ ಬದಲಿ ಇನ್‌ಫ್ಲೇಟರುಗಳಿಂದ ಮೂವರು ಸತ್ತಿದ್ದಾರೆ, ಇಬ್ಬರು ಭೀಕರವಾಗಿ ಗಾಯಗೊಂಡಿದ್ದಾರೆ. ಅವೆಲ್ಲ ಹಿಂದೆ ಅಪಘಾತವಾಗಿ ರಿಪೇರಿಯಾಗಿದ್ದ ಕಾರುಗಳು. 2012ರ ಎಚ್ಚರಿಕೆಗೂ ಇದಕ್ಕೂ ನಡುವೆ ಹನ್ನೆರಡು ವರ್ಷ.

ನಮ್ಮ ದೇಶ ಈ ದಾರಿಯನ್ನು ತಡವಾಗಿ, ಆದರೆ ಬಹಳ ವೇಗವಾಗಿ ತುಳಿದಿದೆ. 2014ರ ಜನವರಿಯಲ್ಲಿ ಕಾರುಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಜನಪ್ರಿಯ ಸಣ್ಣ ಕಾರುಗಳನ್ನು ಡಿಕ್ಕಿ ಹೊಡೆಸಿ ನೋಡಿ ಸೊನ್ನೆ ನಕ್ಷತ್ರ ಕೊಟ್ಟಾಗ ಅವುಗಳಲ್ಲಿ ಏರ್‌ಬ್ಯಾಗ್ ಇರಲಿಲ್ಲ. 2019ರ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. ಪಕ್ಕದ ಆಸನದ್ದು ಹೊಸ ಮಾಡೆಲುಗಳಿಗೆ 2021ರ ಏಪ್ರಿಲಿನಿಂದ, ಹಳೆಯ ಮಾಡೆಲುಗಳಿಗೆ ಆ ವರ್ಷದ ಕೊನೆಯಿಂದ. ಆರು ಏರ್‌ಬ್ಯಾಗ್ ಕಡ್ಡಾಯ ಮಾಡುವ ಕರಡು 2022ರಲ್ಲಿ ಬಂದು, ಒಂದು ವರ್ಷ ಮುಂದಕ್ಕೆ ಹೋಗಿ, ಕೊನೆಗೆ ಕೈಬಿಟ್ಟುಹೋಯಿತು. ಆ ಚರ್ಚೆಯಲ್ಲಿ ಸಚಿವ ನಿತಿನ್ ಗಡ್ಕರಿ ಸಂಸತ್ತಿನಲ್ಲಿ ಒಂದು ಏರ್‌ಬ್ಯಾಗಿಗೆ 800 ರೂಪಾಯಿ ಮಾತ್ರ ತಗಲುತ್ತದೆ ಎಂದರು. ಕಾರ್ಖಾನೆಯಲ್ಲಿ ಅದರ ವೆಚ್ಚ ಎಷ್ಟೇ ಇರಲಿ, ಬಿಡಿಭಾಗವಾಗಿ ಕೊಳ್ಳುವಾಗ ಅದು ಸಾವಿರಗಳಲ್ಲಿ, ದೊಡ್ಡ ಕಾರಿಗಾದರೆ ಹತ್ತಾರು ಸಾವಿರದಲ್ಲಿ ಸಿಗುವ ವಸ್ತು. ಈ ಅಂತರದ ಬಗ್ಗೆ ಸಂಸತ್ತಿನಲ್ಲಿ ಚರ್ಚೆಯಾಗಬೇಕಿತ್ತು. ಇನ್ನು ಕಡ್ಡಾಯದ ಆದೇಶಗಳೆಲ್ಲ ಕಾರ್ಖಾನೆಯಿಂದ ಹೊರಬರುವ ಕಾರಿಗೆ ಸಂಬಂಧಿಸಿದವು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಅಷ್ಟರೊಳಗೆ ಅಪಘಾತವಾಗಿ ಏರ್‌ಬ್ಯಾಗ್ ಸಿಡಿದು ರಿಪೇರಿಯಾದರೆ ಆರ್‌ಟಿಒ ಕಚೇರಿಯಲ್ಲಿ ಯಾರೂ ಅದನ್ನು ತೆರೆದು ನೋಡುವುದಿಲ್ಲ, ಆರ್‌ಸಿ ಪುಸ್ತಕದಲ್ಲಿ ಗುರುತೂ ಬೀಳುವುದಿಲ್ಲ. ಮಾನದಂಡಕ್ಕೆ ಒಪ್ಪದ, ಸುರಕ್ಷತೆಗೆ ನಿರ್ಣಾಯಕವೆಂದು ಸರ್ಕಾರ ಅಧಿಸೂಚಿಸಿದ ಬಿಡಿಭಾಗ ಮಾರುವವರಿಗೆ ಒಂದು ವರ್ಷದವರೆಗೆ ಜೈಲು ಅಥವಾ ಬಿಡಿಭಾಗವೊಂದಕ್ಕೆ ಒಂದು ಲಕ್ಷ ರೂಪಾಯಿ ದಂಡ ವಿಧಿಸುವ ಕಲಮು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿತು. ಆದರೂ 2024ರ ವಸಂತದಲ್ಲಿ ದೆಹಲಿ ಪೊಲೀಸರು ಒಂದು ಜಾಲವನ್ನು ಹಿಡಿದಾಗ ಹಲವು ಬ್ರಾಂಡಿನ ಹೆಸರು ಹೊತ್ತ ಒಂಬೈನೂರಕ್ಕೂ ಹೆಚ್ಚು ನಕಲಿ ಏರ್‌ಬ್ಯಾಗ್ ಸಿಕ್ಕವು. ಕೊಳ್ಳುವವರಿಲ್ಲದೆ ಯಾರೂ ಅಷ್ಟು ಮಾಲು ತಯಾರಿಸುವುದಿಲ್ಲ. ಆ ಗಿರಾಕಿಗಳನ್ನು ಹುಟ್ಟಿಸಿದ ಕಾರಣಗಳಲ್ಲಿ ಮೊದಲು ಹೇಳಿದ ಸವಕಳಿಯ ಸಾಲೂ ಒಂದು ಎನ್ನುವುದು ನನ್ನ ವಾದ. ಎರಡು ಏರ್‌ಬ್ಯಾಗಿನ ಬೆಲೆಯಲ್ಲಿ ಅರ್ಧವನ್ನು, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನ ಅರ್ಧವನ್ನು ಕೈಯಿಂದ ಕಟ್ಟಬೇಕಾದ ಮಾಲೀಕನಿಗೆ ಅಗ್ಗದ ದಾರಿ ತೋರಿಸುವವನು ಬಂಧುವಿನಂತೆ ಕಾಣುತ್ತಾನೆ.

ಇದಕ್ಕೆ ಬರುವ ಆಕ್ಷೇಪಗಳು ಗಟ್ಟಿಯಾಗಿವೆ. ಏರ್‌ಬ್ಯಾಗಿಗೂ ಆಯಸ್ಸಿಲ್ಲವೇ, ಟಕಾಟಾ ತೋರಿಸಿದ್ದು ಅದನ್ನೇ ಅಲ್ಲವೇ, ಹಾಗಿದ್ದರೆ ಸವಕಳಿ ಕಳೆಯುವುದರಲ್ಲಿ ತಪ್ಪೇನು ಎಂಬುದು ಒಂದು. ಆರಂಭದ ದಿನಗಳಲ್ಲಿ ಕೆಲವು ಕಂಪನಿಗಳು ಹತ್ತು-ಹದಿನೈದು ವರ್ಷಕ್ಕೊಮ್ಮೆ ಏರ್‌ಬ್ಯಾಗ್ ಬದಲಿಸಿ ಎಂದು ಕಾರಿನಲ್ಲೇ ಚೀಟಿ ಅಂಟಿಸುತ್ತಿದ್ದದ್ದು ನಿಜ. ಅನುಭವ ಬೆಳೆದಂತೆ ಬಹುತೇಕ ಕಂಪನಿಗಳು ಆ ಸೂಚನೆ ಕೈಬಿಟ್ಟವು. ಟಕಾಟಾದಲ್ಲಿ ಕೆಟ್ಟದ್ದು ಒಂದು ನಿರ್ದಿಷ್ಟ ರಾಸಾಯನಿಕ, ಅದನ್ನು ದೋಷವೆಂದು ಒಪ್ಪಿ ಕಂಪನಿಗಳು ಪುಕ್ಕಟೆ ಬದಲಿಸಿಕೊಟ್ಟವು. ವಯಸ್ಸಿನಿಂದ ಸವಕಳಿ ಎನ್ನುವವರು ವಯಸ್ಸಿಗೆ ತಕ್ಕ ದರ ಹೇಳಬೇಕಿತ್ತು. ಲೋಹದ ಭಾಗಗಳಿಗೆ ಟ್ಯಾರಿಫ್ ಹೇಳಿರುವುದು ಹಾಗೆಯೇ, ಮೊದಲ ಆರು ತಿಂಗಳು ಸೊನ್ನೆ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿಕೆ. ಏರ್‌ಬ್ಯಾಗಿಗೆ ಮಾತ್ರ ಮೊದಲ ದಿನದಿಂದಲೇ ಅರ್ಧ ಎನ್ನುವುದಕ್ಕೆ ವಿಜ್ಞಾನದ ಆಧಾರವಿಲ್ಲ. ಜೀರೋ ಡೆಪ್ ಅಥವಾ ಬಂಪರ್-ಟು-ಬಂಪರ್ ಪಾಲಿಸಿ ಇದೆಯಲ್ಲ, ಹೆಚ್ಚು ಪ್ರೀಮಿಯಂ ಕೊಟ್ಟರೆ ಈ ಕಡಿತ ತಪ್ಪುತ್ತದೆ ಎಂದೂ ಹೇಳುತ್ತಾರೆ. ಅದು ಸಾಮಾನ್ಯವಾಗಿ ಸಿಗುವುದು ಕಾರು ಹೊಸದಿರುವಷ್ಟು ವರ್ಷ. ಏಳೆಂಟು ವರ್ಷದ ಸೆಕೆಂಡ್ ಹ್ಯಾಂಡ್ ಕಾರಿನವನಿಗೆ, ಅಂದರೆ ನಕಲಿಗೆ ಬಲಿಬೀಳುವ ಸಂಭವ ಹೆಚ್ಚಿರುವವನಿಗೆ, ಅದು ದಕ್ಕುವುದು ಕಷ್ಟ.

ಬೆಲ್ಟ್ ಹಾಕಿಕೊಂಡರೆ ಸಾಲದೇ, ಏರ್‌ಬ್ಯಾಗ್ ಪೂರಕ ಸಾಧನ ಮಾತ್ರವಲ್ಲವೇ ಎಂಬ ಪ್ರಶ್ನೆಯೂ ಇದೆ. ಬೆಲ್ಟೇ ದೊಡ್ಡದು, ಸಂದೇಹವಿಲ್ಲ. ಅಮೆರಿಕದ ಅಂದಾಜಿನಂತೆ ಬೆಲ್ಟು ಕಾರಿನ ಮುಂದಿನ ಆಸನದವರ ಸಾವಿನ ಅಪಾಯವನ್ನು ಶೇ 45ರಷ್ಟು ತಗ್ಗಿಸುತ್ತದೆ, ಬೆಲ್ಟ್ ಹಾಕಿದವರಿಗೆ ಏರ್‌ಬ್ಯಾಗ್ ಕೊಡುವ ಹೆಚ್ಚಿನ ರಕ್ಷಣೆ ಶೇ 11ರಷ್ಟು. ಆದರೆ ಇಂದಿನ ಅನೇಕ ಬೆಲ್ಟುಗಳನ್ನು ರೂಪಿಸಿರುವುದೇ ಎದುರಿಗೆ ಚೀಲ ತೆರೆದಿರುತ್ತದೆ ಎಂಬ ಲೆಕ್ಕದ ಮೇಲೆ. ಎದೆಯ ಮೇಲಿನ ಒತ್ತಡ ಮಿತಿ ಮೀರಿದಾಗ ಪಕ್ಕೆಲುಬು ಮುರಿಯದಿರಲೆಂದು ಬೆಲ್ಟು ಸ್ವಲ್ಪ ಸಡಿಲ ಬಿಡುತ್ತದೆ. ಹಾಗೆ ಮುಂದಕ್ಕೆ ಬಂದ ತಲೆಯನ್ನು ಹಿಡಿಯಬೇಕಾದದ್ದು ಚೀಲ. ಚೀಲದ ಜಾಗದಲ್ಲಿ ರೆಸಿಸ್ಟರ್ ಇದ್ದರೆ ತಲೆ ಸ್ಟೇರಿಂಗಿಗೆ ಹೋಗುತ್ತದೆ. ನಕಲಿ ಇನ್‌ಫ್ಲೇಟರಿನ ಅಪಾಯ ಇದಕ್ಕಿಂತ ಹೆಚ್ಚು. ರಕ್ಷಣೆ ಇಲ್ಲದಿರುವುದು ಒಂದು, ಎದೆಯ ಎದುರು ಚೂರು ಸಿಡಿಸುವ ವಸ್ತು ಇರುವುದು ಮತ್ತೊಂದು.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಬಡವರ ಪರವಾಗಿ ಬರುವಂಥದ್ದು. ಕಂಪನಿಯ ಹೊಸ ಏರ್‌ಬ್ಯಾಗೇ ಆಗಬೇಕೆಂದು ಹಟ ಹಿಡಿದರೆ ಹಳೆಯ ಕಾರುಗಳೆಲ್ಲ ಟೋಟಲ್ ಲಾಸ್ ಆಗಿ ಗುಜರಿಗೆ ಹೋಗುತ್ತವೆ, ಸಣ್ಣ ಗ್ಯಾರೇಜುಗಳು ಕೆಲಸ ಕಳೆದುಕೊಳ್ಳುತ್ತವೆ, ಬಿಡಿಭಾಗದ ಬೆಲೆ ಕಂಪನಿಗಳ ಇಚ್ಛೆಗೆ ಬಿಟ್ಟಂತಾಗುತ್ತದೆ. ಈ ಮಾತಿನಲ್ಲಿ ಸತ್ಯವಿದೆ. ಬೇರೆ ಕಾರಣಕ್ಕೆ ಗುಜರಿಗೆ ಬಂದ ಕಾರಿನಲ್ಲಿ ಸಿಡಿಯದೆ ಉಳಿದ ಒರಿಜಿನಲ್ ಏರ್‌ಬ್ಯಾಗನ್ನು ಮರುಬಳಕೆ ಮಾಡಬಾರದೇಕೆ ಎಂದು ಅಮೆರಿಕದ ಗುಜರಿ ವರ್ತಕರು ಬಹಳ ಕಾಲದಿಂದ ಕೇಳುತ್ತ ಬಂದಿದ್ದಾರೆ. ಕಾರು ಕಂಪನಿಗಳು ಅದನ್ನು ಒಪ್ಪಿಲ್ಲ. ಗುಜರಿಯವರ ಪ್ರಶ್ನೆಯನ್ನು ತಳ್ಳಿಹಾಕಬೇಕಿಲ್ಲ ಎನಿಸುತ್ತದೆ. ಆದರೆ ಲಾಸ್ ವೇಗಸ್‌ನ ಆ ಯುವತಿಯ ಕುತ್ತಿಗೆಗೆ ಹೊಕ್ಕದ್ದೂ ಅಂಥ ಒರಿಜಿನಲ್ಲೇ. ಪ್ರತಿ ಏರ್‌ಬ್ಯಾಗಿನ ನಂಬರೂ ಅದು ಬಂದ ಕಾರಿನ ಮತ್ತು ಸೇರಿದ ಕಾರಿನ ನಂಬರಿನೊಡನೆ ಒಂದೇ ಕಡೆ ದಾಖಲಾಗಿ, ವಾಪಸಾತಿಯ ಪಟ್ಟಿಯೊಡನೆ ತಾಳೆಯಾಗುವ ತನಕ ಮರುಬಳಕೆ ಬೇಡ. ನಮ್ಮಲ್ಲಿ 2021ರ ನಿಯಮಗಳ ಪ್ರಕಾರ ನೋಂದಾಯಿತ ಗುಜರಿ ಕೇಂದ್ರಗಳು ತಲೆಯೆತ್ತುತ್ತಿವೆ, ವಾಹನ್ ಜಾಲತಾಣದಲ್ಲಿ ದೇಶದ ವಾಹನಗಳ ದಾಖಲೆ ಇದೆ. ಈ ಎರಡನ್ನೂ ಜೋಡಿಸುವುದು ತಾಂತ್ರಿಕವಾಗಿ ಅಸಾಧ್ಯವೇನಲ್ಲ. ಅದಾದರೆ ಶಿವಾಜಿನಗರದ ಗುಜರಿಯವನೂ ಕಾಗದದ ಬಲದಿಂದ ನೆಮ್ಮದಿಯಾಗಿ ವ್ಯಾಪಾರ ಮಾಡಬಹುದು.

ಬೇಕಾದದ್ದು ಹೆಚ್ಚೇನಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ ಶೇ 50ರ ಸಾಲಿನಿಂದ ಏರ್‌ಬ್ಯಾಗ್ ಎಂಬ ಪದವನ್ನು ತೆಗೆದು ಗಾಜಿನ ಸಾಲಿಗೆ ಸೇರಿಸಲಿ. ಅದರ ಹೊರೆ ಎಲ್ಲ ಪಾಲಿಸಿದಾರರ ಮೇಲೆ ಹಂಚಿದರೆ ಒಬ್ಬೊಬ್ಬರಿಗೆ ಅಲ್ಪವಾಗುತ್ತದೆ. ಏರ್‌ಬ್ಯಾಗಿನ ಹಣ ಪಾವತಿಸುವ ಮುನ್ನ ಸರ್ವೇಯರ್ ಹೊಸದರ ನಂಬರು, ಬಿಲ್ಲು ಮತ್ತು ಸ್ಕ್ಯಾನರಿನ ವರದಿಯನ್ನು ಕಡ್ಡಾಯವಾಗಿ ಪಡೆಯಲಿ. ಏರ್‌ಬ್ಯಾಗ್ ಸಿಡಿದದ್ದು ಕಾರಿನ ನೋಂದಣಿ ದಾಖಲೆಯಲ್ಲಿ ಬೀಳಲಿ. ಇವೆಲ್ಲ ಆಗುವವರೆಗೆ, ಹಳೆಯ ಕಾರು ಕೊಳ್ಳಲು ಹೊರಟವರು ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಕೆಲವು ಸೆಕೆಂಡು ಉರಿದು ಆರುತ್ತದೆಯೇ ನೋಡಿ. ಉರಿಯದೇ ಇದ್ದರೂ, ಆರದೇ ಇದ್ದರೂ ಕಾರು ಬೇಡ. ಉರಿದು ಆರಿದರೂ ಅಷ್ಟಕ್ಕೇ ನಂಬಬೇಡಿ, ಹಳೆಯ ಕ್ಲೇಮಿನ ವಿವರ ಕೇಳಿ, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಒಮ್ಮೆ ತಪಾಸಣೆ ಮಾಡಿಸಿ, ಆಮೇಲೆ ಮುಂಗಡ ಕೊಡಿ.